ಬಟ್ಟೆಯ ಮೇಲಿನ ಪದ

ಎರಡನೆಯ ತಿಂಗಳು ೧೧, ಬೆಳಿಗ್ಗೆ

ನಲವತ್ತೊಂದು ಹಾಳೆ ಒರೆಸಿದೆ. ಇನ್ನೂ ಇಪ್ಪತ್ತು ಬಾಕಿ. ಮಸಿಗೆ ಅಂಟು ಜಾಸ್ತಿ ಬಿದ್ದಿತ್ತು, ಬಿಸಿನೀರಿಗೂ ಬಿಡುತ್ತಿಲ್ಲ. ಉಗುರಿನಿಂದ ಕೆರೆದೆ. ಲಿಝೆನ್ ಅಕ್ಕ ನೋಡಿ, "ಏನೇ ಆಲಿಂಗ್, ಇದ್ದಿಲು ಮಾರೋಕೆ ಹೋಗಿದ್ಯಾ?" ಅಂದಳು. ನಮ್ಮ ಮೇಳದ ಕಥಾನಾಯಕಿ ಅವಳು. ಅವಳ ಉಗುರು ಬೆಂದ ಸೀಗಡಿಯ ಬಣ್ಣ.  ತಕ್ಕ ಉತ್ತರ ಈಗ ಹೊಳೆಯುತ್ತಿದೆ, ಅವಳು ಆಗಲೇ ಎದ್ದು ಹೋಗಿದ್ದಾಳೆ.

ಪ್ಲಾಸ್ಟಿಕ್ ಹಾಳೆ ಒರೆಸುವುದು, ಪದ ಬರೆಯುವುದು, ಸಂಜೆ ಆಟದಲ್ಲಿ ದೀಪದ ಪೆಟ್ಟಿಗೆಯೊಳಕ್ಕೆ ಒಂದೊಂದೇ ತಳ್ಳುವುದು — ಇಷ್ಟೇ ನನ್ನ ಕೆಲಸ. ರಂಗದ ಪಕ್ಕ ಉದ್ದಕ್ಕೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಅಕ್ಷರ ಬೀಳುತ್ತದೆ. ಹೋದ ವರ್ಷ ಇದೆಲ್ಲ ಇರಲಿಲ್ಲ. ಈಗ ಬಟ್ಟೆ ಇಲ್ಲದ ಮೇಳವನ್ನು ಯಾವ ಊರೂ ಕರೆಯುವುದಿಲ್ಲ. ಈ ಕರಾವಳಿಯವರಿಗೆ ಒಳನಾಡಿನ ನಮ್ಮ ಶಂಗ್‌ಶಿಯಾನ್ ಕಡೆಯ ಮಾತು ಅರ್ಧಕ್ಕರ್ಧ ತಿಳಿಯದು. ಹಿಂದೆ ರಾಗ ಕೇಳಿಯೇ ಅಳುತ್ತಿದ್ದರಂತೆ. ಈಗ ಓದಿ ಅಳಬೇಕು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಅಕ್ಷರ ದುಂಡಗಿದೆ ಅಂತ ಮಾಲಕಿ ಸು ಅಕ್ಕ ಈ ಕೆಲಸ ಕೊಟ್ಟಳು. ಮೊದಲು ನಾನು ಈಟಿ ಹಿಡಿದು ಸುಮ್ಮನೆ ನಿಲ್ಲುವ ಸೈನಿಕ. ಅದೂ ಚೆನ್ನಾಗಿತ್ತು. ಯಾರೂ ನೋಡುತ್ತಿರಲಿಲ್ಲ.

ಮೇಳದ ಹಿರಿಯ ನಟಿ ತಾವೊ ಅಜ್ಜಿ ಪೆಟ್ಟಿಗೆಯ ಮೇಲೆ ಕೂತು ಇವತ್ತಿನ ಕಥೆ ಹೇಳುತ್ತಿದ್ದಾರೆ. "ಉಪ್ಪಿನ ದೋಣಿ". ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಇಡೀ ಆಟ ಹೇಳಿ ಮುಗಿಸುತ್ತಾರೆ. "ಲಿಝೆನ್, ನೀನು ಬರ್ತೀಯ, ಅಪ್ಪನ್ನ ಬಿಟ್ಟು ಹೋಗಲ್ಲ ಅಂತೀಯ, ಎಂಟು ಸಾಲು. ಆಮೇಲೆ ನಾನು, ನಿನ್ನಪ್ಪ. ನಿನ್ನ ಕೊಟ್ಟ ದೊಡ್ಡ ಮನೆ ಬಾಗಿಲು. ಕಾವಲಿನವನು ನನ್ನ ಒಳಗೆ ಬಿಡಲ್ಲ. ನಾನು ಹೊರಗೇ ನಿಂತು ಹಾಡ್ತೀನಿ. ಎಷ್ಟು ಸಾಲು ಅಂತ ಕೇಳ್ಬೇಡ, ಪಾನ್ ನೋಡ್ಕೋತಾನೆ." ಪಾನ್ ಮಾವ ನಮ್ಮ ಡೋಲಿನವನು. ಅಜ್ಜಿಯ ತೋಳಿನ ತುದಿ ನೋಡಿಕೊಂಡೇ ನಲವತ್ತು ವರ್ಷ ಬಾರಿಸಿದ್ದಾನೆ.

ಅಜ್ಜಿಗೆ ಅರವತ್ನಾಲ್ಕು. ಒಂದು ಅಕ್ಷರ ಬಾರದು. ಗಡ್ಡ ಕಟ್ಟಿ ಮುದಿ ಅಪ್ಪನ ವೇಷ ಹಾಕಿದರೆ ಮಾತ್ರ ಅವರಪ್ಪನೇ ಎದ್ದು ಬಂದ ಹಾಗೆ.

ಎರಡನೆಯ ತಿಂಗಳು ೧೨, ಬೆಳಿಗ್ಗೆ

ನಿನ್ನೆ ಸಂಜೆ ಮರ್ಯಾದೆ ಹೋಯಿತು.

ಬಾಗಿಲ ದೃಶ್ಯ. ಬಟ್ಟೆಯ ಮೇಲೆ ನಾನು ಹಾಕಿದ್ದು, ಮಾಲಕಿಯ ಭಾವ ಬರೆದುಕೊಟ್ಟ ಪದ — "ಕಣ್ಣೀರ ಕಡಲಲ್ಲಿ ಮುಳುಗಿತೀ ಮುದಿ ಜೀವ". ಭಾವ ಶಾಲೆಯ ಮೇಷ್ಟ್ರಾಗಿದ್ದವರು. ಎಲ್ಲ ಆಟಕ್ಕೂ ಅವರೇ ಪದ ಬರೆದಿದ್ದಾರೆ, ಎಲ್ಲದರಲ್ಲೂ ಒಂದು ಕಡಲಿದೆ. ಅಜ್ಜಿ ಹಾಡಿದ್ದು ಏನು? "ದೊಡ್ಡ ಮನೆಯ ಅಡುಗೆಯವನಿಗೆ ಹೇಳು ಮಗಳೇ, ಮೀನಿನ ತಲೆ ನೀನು ತಿನ್ನುವುದಿಲ್ಲ, ಬಾಲದ ತುಂಡೇ ಬಡಿಸಲಿ."

ಮುಂದೆ ಕೂತ ಮಕ್ಕಳು ಬಟ್ಟೆ ಓದಿದರು. ಅಜ್ಜಿಯನ್ನು ನೋಡಿದರು. "ಅಜ್ಜಾ! ತಪ್ಪು ಓದ್ತಿದೀಯ!" ಅಂತ ಒಬ್ಬ ಕೂಗಿದ. ಸೂರು ಹಾರುವ ಹಾಗೆ ನಗು. ಅಜ್ಜಿ ನಿಲ್ಲಿಸಲಿಲ್ಲ. ಕೊನೆಯವರೆಗೂ ಹಾಡಿದರು. ಆದರೆ ಗಡ್ಡದೊಳಗೆ ತುಟಿ ಒಣಗಿದ್ದು ನನಗೆ ಕಾಣಿಸಿತು.

ಆಟ ಮುಗಿದ ಮೇಲೆ ಸು ಅಕ್ಕ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮೆಲ್ಲಗೆ ಕೇಳಿದಳು, "ಗುರುಗಳೇ, ಬರೆದದ್ದನ್ನ ಹಾಡೋಕೆ ಏನು ಕಷ್ಟ?"

"ಲಿಝೆನ್ ನಿಜವಾಗ್ಲೂ ಅಳ್ತಿದ್ಲು ಕಣೇ. ಮೂಗು ಕಟ್ಟಿದ್ರೆ ಮುಂದಿನ ಪದ ಹ್ಯಾಗೆ ಹಾಡ್ತಾಳೆ? ನಗಿಸ್ಬೇಕಿತ್ತು, ನಗಿಸ್ದೆ."

"ಊರಿನವ್ರು ನಕ್ಕಿದ್ದು ಅದಕ್ಕಲ್ಲ."

ಸು ಅಕ್ಕ ನೆಲ ನೋಡಿಕೊಂಡು ಹೇಳಿದಳು. ಮೂರನೆಯ ತಿಂಗಳ ಮೂರಕ್ಕೆ ಕಲ್ಲುಸೇತುವೆ ಊರಿನಲ್ಲಿ ಆಟ, ಮೂರು ದಿನ. ಅಲ್ಲಿನ ಹಿರಿಯರು ಖಡಾಖಂಡಿತ ಹೇಳಿದ್ದಾರಂತೆ — ಬಾಯಿಗೂ ಬಟ್ಟೆಗೂ ಹೊಂದಬೇಕು. ಅಲ್ಲೂ ಹೀಗೇ ಆದರೆ ಗಡ್ಡ ಇಳಿಸಿ, ಉಡುಪಿನ ಪೆಟ್ಟಿಗೆ ನೋಡಿಕೊಂಡು ಇರಿ. ಊಟ ವಸತಿಗೆ ಏನೂ ಕಡಿಮೆ ಮಾಡುವುದಿಲ್ಲ.

"ಊಟಕ್ಕೆ" ಅಂದರು ಅಜ್ಜಿ. ಅಷ್ಟೇ. ಮುಖದ ಬಣ್ಣ ತೆಗೆಯಲು ಎದ್ದರು.

ಎಂಟನೆಯ ವಯಸ್ಸಿಗೆ ರಂಗ ಹತ್ತಿದವರು. ಪೆಟ್ಟಿಗೆ ಕಾಯುತ್ತಾರಾ?

ಎರಡನೆಯ ತಿಂಗಳು ೧೩

ಬೆಳಿಗ್ಗೆ ಗಂಜಿ ಹಿಡಿದುಕೊಂಡು ಅಜ್ಜಿಯ ಚಾಪೆಯ ಹತ್ತಿರ ಹೋದೆ. ಭಾವನ ಪದ ನಾನು ಓದಿ ಹೇಳುತ್ತೇನೆ, ನೀವು ನನ್ನ ಹಿಂದೆಯೇ ಹೇಳಿ ಅಂದೆ. ಇಷ್ಟು ಹೇಳುವಷ್ಟರಲ್ಲಿ ನನ್ನ ಕಿವಿ ಬಿಸಿಯಾಯಿತು.

"ಓ, ಮೇಷ್ಟ್ರಮ್ಮ ಬಂದ್ರು" ಅಂದರು. ಆದರೆ ನೆಟ್ಟಗೆ ಕೂತರು.

ನಾನು ಓದಿದೆ. ಅವರು ಹೇಳಿದರು. ಹದಿನಾರು ಸಾಲು. ಎರಡೇ ಸಲಕ್ಕೆ ಬಾಯಿಪಾಠ! ನಾನು ಮೂರು ದಿನ ಬರೆದರೂ ನನಗೆ ಬಂದಿಲ್ಲ. "ಇದೇನು ಮಹಾ" ಅಂದರು. ಗಂಜಿ ಕುಡಿದರು. "ಈ ಮನುಷ್ಯನಿಗೆ ಯಾಕೆ ಇಷ್ಟು ಕಡಲು? ಉಪ್ಪಿನ ದೋಣಿ ಓಡೋದು ಕಾಲುವೇಲಿ."

ಎರಡನೆಯ ತಿಂಗಳು ೧೯

ಆರು ದಿನ ಏನೂ ಬರೆಯಲಿಲ್ಲ. ಬರೆಯುವುದಕ್ಕೆ ಏನಿದೆ.

ಪ್ರತಿದಿನ ಬೆಳಿಗ್ಗೆ ಅಜ್ಜಿ ಹದಿನಾರೂ ಸಾಲು ತಪ್ಪಿಲ್ಲದೆ ಹೇಳುತ್ತಾರೆ. ರಂಗಕ್ಕೆ ಹೋದರೆ ಬೇರೆ ಹಾಡುತ್ತಾರೆ. ಬೇಕಂತಲ್ಲ. ನಿನ್ನೆ ನನ್ನ ಮುಂಗೈ ಹಿಡಿದುಕೊಂಡು ಹೇಳಿದರು — "ಎದುರಿನವಳ ಕಣ್ಣು ನೋಡಿದ ತಕ್ಷಣ ಬಾಯಿ ತಾನಾಗೇ ಹೋಗಿಬಿಡ್ತದೆ ಕಣೇ, ಹಸು ಕೊಟ್ಟಿಗೆಗೆ ಹೋದ ಹಾಗೆ. ಕಣ್ಣು ಮುಚ್ಚಿ ಹಾಡ್ಲಾ?"

ನಿನ್ನೆ ಸಂಜೆ ಕಣ್ಣು ಮುಚ್ಚಿಯೇ ಹಾಡಿದರು. ಬಾಯಿಗೂ ಬಟ್ಟೆಗೂ ಹೊಂದಿತು. ಒಂದಕ್ಷರ ತಪ್ಪಲಿಲ್ಲ. ಜನ ಮಧ್ಯದಲ್ಲಿ ಎದ್ದು ಹೋಗಿ ಹುರಿದ ಬೀಜ ಕೊಂಡು ಬಂದರು. ಸು ಅಕ್ಕ ಕೂಡ ಆಕಳಿಸಿದಳು, ನಾನು ನೋಡಿದೆ.

ಲಿಝೆನ್ ಅಕ್ಕ ಒಳಗೆ ಬಂದು, "ಅಜ್ಜಿ, ನಾನು ನಿಮ್ಮ ಮಗಳೋ ಕಂಬಾನೋ?" ಅಂದಳು. ತಮಾಷೆಗೆ ಅಂದದ್ದು. ಅವಳ ಕಣ್ಣು ಕೆಂಪಾಗಿತ್ತು.

ಎರಡನೆಯ ತಿಂಗಳು ೨೩, ಸಂಜೆಗೆ ಮುಂಚೆ

ಒಂದು ಯೋಚನೆ ಬಂದಿದೆ. ಯಾರಿಗೂ ಹೇಳಿಲ್ಲ. ಹೇಳಿದರೆ ಹೋಗಿಬಿಡುತ್ತದೇನೋ ಅಂತ ಹೆದರಿಕೆ.

ಮಧ್ಯಾಹ್ನದ ಆಟದಲ್ಲಿ ಬಿಸಿಲಿಗೆ ದೀಪ ಕಾಣುವುದಿಲ್ಲ. ಹಾಗಾಗಿ ಬಟ್ಟೆ ಕಟ್ಟುವುದಿಲ್ಲ. ಆಗ ಅಜ್ಜಿ ರಾಜ, ಮನಸ್ಸಿಗೆ ಬಂದದ್ದು ಹಾಡುತ್ತಾರೆ. ಈ ತಿಂಗಳ ಹದಿಮೂರರಿಂದ ನಾನು ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು ಅದನ್ನು ಬರೆದುಕೊಳ್ಳುತ್ತಿದ್ದೇನೆ. ಸುಮ್ಮನೆ. ಚೆನ್ನಾಗಿದೆ ಅಂತ. ನಮ್ಮ ಬರವಣಿಗೆಯಲ್ಲಿ ಮಾತಿಗೊಂದು ಅಕ್ಷರ, ಎಲ್ಲ ನನಗೆ ಬಾರದು; ಬಾರದ್ದಕ್ಕೆ ಒಂದು ಸೊನ್ನೆ ಹಾಕುತ್ತೇನೆ.

ಇವತ್ತು ಹಾಳೆಗಳನ್ನೆಲ್ಲ ಉಡುಪಿನ ಪೆಟ್ಟಿಗೆಯ ಮೇಲೆ ಸಾಲಾಗಿ ಇಟ್ಟು ನೋಡಿದೆ. ಬಾಗಿಲ ದೃಶ್ಯ ಹತ್ತು ಸಲ ಬರೆದಿದ್ದೇನೆ. ಹತ್ತೂ ಬೇರೆ ಬೇರೆ ಅಂದುಕೊಂಡಿದ್ದೆ. ಅಲ್ಲ! ಮೂರೇ ಬಗೆ. ಮೊದಲ ಸಾಲಿಗೆ ಅಜ್ಜಿ ಯಾವ ಪ್ರಾಸ ಹಿಡಿಯುತ್ತಾರೋ, ಮುಂದಿನದೆಲ್ಲ ಅದರ ಹಿಂದೆ ಬರುತ್ತದೆ. ನಮ್ಮಲ್ಲಿ ಪ್ರಾಸಕ್ಕೊಂದು ಹೆಸರಿದೆ. ನದಿ ಪ್ರಾಸ ಹಿಡಿದರೆ ಹೊಸಿಲು ಬರುತ್ತದೆ, ದೋಣಿ ಬರುತ್ತದೆ. ಬೂದಿ ಪ್ರಾಸ ಹಿಡಿದರೆ ಒಲೆ, ಸತ್ತ ಹೆಂಡತಿ, ಅವಳ ಹಳೆಯ ಕೋಟು. ಲಾಂದ್ರ ಪ್ರಾಸಕ್ಕೆ ಮೀನು, ಅಡುಗೆಯವನು, ನಗು. ಅಲ್ಲೊಂದು ಇಲ್ಲೊಂದು ಮಾತು ಆಚೀಚೆ, ಅಷ್ಟೇ.

ಹಾಗಾದರೆ ಮೂರು ಕಟ್ಟು ಬರೆದಿಟ್ಟುಕೊಂಡರೆ? ಭಾವನ ಪದ ಅಲ್ಲ, ಅಜ್ಜಿಯ ಪದ. ಮೊದಲ ಸಾಲಿಗೆ ಬಟ್ಟೆ ಖಾಲಿ ಬಿಡುವುದು. ಕಿವಿಕೊಟ್ಟು ಕೇಳುವುದು. ಕೇಳಿ, ಸರಿಯಾದ ಕಟ್ಟು ಎತ್ತಿಕೊಳ್ಳುವುದು.

ಹಾಳೆಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದೇನೆ. ಸಂತೋಷಕ್ಕೆ.

ಎರಡನೆಯ ತಿಂಗಳು ೨೪

ಹೇಳಿದೆ. ಹಾಳೆಗಳನ್ನೂ ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ ಎಂಬುದು ತೋರಿಸಿದ ಮೇಲೆ ನೆನಪಾಯಿತು. ಮೂರು ಬಗೆಯನ್ನೂ ಓದಿ ಹೇಳಿದೆ. ಅಜ್ಜಿ ಕೇಳಿದರು. ಕೇಳುತ್ತಾ ಕೇಳುತ್ತಾ ಮುಖ ಸಣ್ಣದಾಯಿತು.

"ಮೂರೇನಾ?"

"ಮೂರು, ಅಜ್ಜಿ."

"ಇನ್ನೊಂದ್ಸಲ ನೋಡು."

"ನೋಡಿದೆ."

ಹಾಳೆಗಳ ಮೇಲೆ ಬೆರಳು ಆಡಿಸಿದರು. "ನಮ್ಮ ಗುರುಗಳು ಹೊಡೆದು ಕಲಿಸಿದ್ದು ಮೂರು. ಅದು ನಿಜ. ಆದ್ರೆ ಆಮೇಲೆ ನಾನು... ದಿನಾ ಹೊಸ್ದು ಹಾಡ್ತಿದೀನಿ ಅಂದ್ಕೊಂಡಿದ್ದೆ ಕಣೇ. ಐವತ್ತು ವರ್ಷ."

ನನಗೆ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸಿತು. ಕೆಲಸಕ್ಕೆ ಬರುತ್ತದೆ ಅಂತ ಮಾತ್ರ ನೋಡಿದೆ. ಹೇಳಿದರೆ ಏನಾಗಬಹುದು ಅಂತ ನೋಡಲಿಲ್ಲ.

ಪಾನ್ ಮಾವ ಅಲ್ಲೇ ಡೋಲಿನ ಚರ್ಮ ಬಿಸಿ ಮಾಡುತ್ತಿದ್ದ. "ಮೂರು ಅಂತ ನನಗೆ ಮೊದಲಿಂದ್ಲೂ ಗೊತ್ತಿತ್ತಲ್ಲ" ಅಂದ.

"ಗೊತ್ತಿದ್ರೆ ಯಾಕೋ ಬಾಯಿ ಬಿಡ್ಲಿಲ್ಲ ಮುದುಕಾ?"

"ನೀನು ಖುಷಿಯಾಗಿದ್ದೆ."

ಅಜ್ಜಿ ಚಪ್ಪಲಿ ಎಸೆದರು. ಆಮೇಲೆ ನನ್ನ ಕಡೆ ತಿರುಗಿ, "ಬರಿ. ನಿನ್ನ ಕಟ್ಟು ಬರಿ. ಪೆಟ್ಟಿಗೆ ಕಾಯೋದಕ್ಕಿಂತ ವಾಸಿ" ಅಂದರು. ದನಿಯಲ್ಲಿ ಮುನಿಸಿರಲಿಲ್ಲ. ಅದೇ ನನಗೆ ಹೆಚ್ಚು ಸಂಕಟ.

ಎರಡನೆಯ ತಿಂಗಳು ೨೯

ಮೂರು ಕಟ್ಟು ಮುಗಿಯಿತು. ನದಿಗೆ ನೀಲಿ ದಾರ, ಬೂದಿಗೆ ಬಿಳಿ, ಲಾಂದ್ರಕ್ಕೆ ಕೆಂಪು. ಸೊನ್ನೆ ಹಾಕಿದ ಅಕ್ಷರಗಳನ್ನೆಲ್ಲ ಸು ಅಕ್ಕನ ಹತ್ತಿರ ಒಂದೊಂದಾಗಿ ಕೇಳಿ ತುಂಬಿಸಿದೆ. ಅವಳು ಸಾಲುಗಳನ್ನು ಓದಿದಳು. "ಇದು ಭಾವ ಬರೆದದ್ದಲ್ಲ" ಅಂದಳು. ನಾನು ತಲೆ ತಗ್ಗಿಸಿದೆ. "ಹೊಂದುತ್ತೋ ಇಲ್ವೋ, ಅಷ್ಟು ಹೇಳು." ಹೊಂದುತ್ತದೆ ಅಂದೆ. "ಹಾಗಾದ್ರೆ ನಾನು ನೋಡಿಲ್ಲ" ಅಂದಳು. ಒಳ್ಳೆಯವಳೇ. ಅವಳ ತಲೆಯ ಮೇಲೆ ಇಪ್ಪತ್ತಮೂರು ಜನರ ಹೊಟ್ಟೆ ಇದೆ.

ಮೂರನೆಯ ತಿಂಗಳು ೨

ಕಲ್ಲುಸೇತುವೆ ಊರು. ದೇಗುಲದ ಎದುರಿಗೇ ಹಳೆಯ ರಂಗ, ಮರದ ಕಂಬಗಳು. ನಮಗೆ ಮಲಗಲು ಧಾನ್ಯದ ಕೋಣೆ. ಹಸಿರು ಸೊಪ್ಪು ಅರೆದು ಮಾಡಿದ ಅಕ್ಕಿ ಉಂಡೆ ಕೊಟ್ಟರು, ಒಳಗೆ ಬಿದಿರ ಚಿಗುರು. ಅಜ್ಜಿ ನಾಲ್ಕು ತಿಂದರು. ನನ್ನ ತಟ್ಟೆಯಿಂದ ಇನ್ನೊಂದು. "ಹೆದರಿಕೆ ಇದ್ದಾಗ ಹೊಟ್ಟೆ ತುಂಬಿರ್ಬೇಕು" ಅಂದರು. ಹೆದರಿಕೆ ಯಾರಿಗೆ ಅಂತ ಹೇಳಲಿಲ್ಲ.

ಮೂರನೆಯ ತಿಂಗಳು ೪, ಬೆಳಿಗ್ಗೆ ಆರು

ಎಲ್ಲರೂ ಮಲಗಿದ್ದಾರೆ. ನಾನು ಬಾವಿಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಸಂಜೆಯದನ್ನು ಬರೆಯದೆ ಇದ್ದರೆ ತಲೆ ಒಡೆಯುತ್ತದೆ.

ಜನವೋ ಜನ. ಗೋಡೆಯ ಮೇಲೂ ಕೂತಿದ್ದರು. ಸು ಅಕ್ಕ ಬಟ್ಟೆಗೆ ಎದುರಾಗಿ, ಊರಿನ ಹಿರಿಯರ ಪಕ್ಕದಲ್ಲೇ ಕೂತಳು. ಆ ಹಿರಿಯರ ಹೆಸರು ವೆನ್ ತಾತ. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡಿದ್ದಾರೆ.

ಬಾಗಿಲ ದೃಶ್ಯ ಬಂತು. ಅಜ್ಜಿ ಕೈಯಲ್ಲಿ ದೋಣಿಯ ಹುಟ್ಟು ಹಿಡಿದು ಬಂದರು. ಕಣ್ಣು ತೆರೆದೇ ಇತ್ತು. ಲಿಝೆನ್ ಅಕ್ಕನನ್ನು ನೋಡಿದರು. ಮೊದಲ ಸಾಲು... ನದಿ! ನೀಲಿ ದಾರ ಎಳೆದೆ. ಎರಡು, ಮೂರು, ನಾಲ್ಕು — ಬಾಯಿ ತೆರೆದ ಹಾಗೆ ಬಟ್ಟೆಯ ಮೇಲೆ ಅಕ್ಷರ. ಜನ ಒಮ್ಮೆ ಬಟ್ಟೆ ನೋಡುತ್ತಾರೆ, ಒಮ್ಮೆ ಅಜ್ಜಿಯನ್ನು ನೋಡುತ್ತಾರೆ. ಯಾರೂ ನಗಲಿಲ್ಲ. ಐದನೆಯ ಸಾಲು, "ಹೊಸಿಲು ಎತ್ತರ ಮಗಳೇ, ಕೈಯಿರಲಿ ನಿರಿಗೆಗೆ". ಅದೂ ಹೊಂದಿತು.

ಆರನೆಯದಕ್ಕೆ ಅಜ್ಜಿ ಕಟ್ಟು ಬಿಟ್ಟರು. ಬೇಕಂತಲೇ. ಅವರ ಗಲ್ಲ ಮೇಲೆದ್ದಾಗಲೇ ನನಗೆ ಗೊತ್ತಾಯಿತು — ಮೂರಕ್ಕಿಂತ ಆಚೆಯದೊಂದು ಹುಡುಕುತ್ತಿದ್ದಾರೆ. ಅದೇ ಹೊತ್ತಿಗೆ ಯಾರೋ ದೇಗುಲದ ಮುಂದೆ ಪಟಾಕಿ ಸರ ಹಚ್ಚಿದರು. ಹರಕೆಯದಿರಬೇಕು. ಉದ್ದ ಸರ. ಏನೂ ಕೇಳಿಸಲಿಲ್ಲ. ಅಜ್ಜಿಯ ಬಾಯಿ ಆಡುತ್ತಿದೆ, ದನಿ ಇಲ್ಲ. ಬಟ್ಟೆ ಖಾಲಿ. ಸು ಅಕ್ಕ ಕತ್ತು ಚಾಚಿ ನನ್ನ ಕಡೆ ನೋಡಿದಳು.

ಹಾಳಾದ ಹಾಳೆ ಬದಲಿಸಲು ಯಾವಾಗಲೂ ಒಂದೆರಡು ಖಾಲಿ ಹಾಳೆ, ಕುಂಚ ಇಟ್ಟುಕೊಂಡಿರುತ್ತೇನೆ. ಕೈ ಎತ್ತಿಕೊಂಡಿತು. ನಾನು ಯೋಚಿಸಲಿಲ್ಲ. ನಿರಿಗೆಗೆ ಹೊಂದುವ ಹಾಗೆ ಮುಗಿಯಬೇಕು ಅಂತ ಮಾತ್ರ ಗೊತ್ತಿತ್ತು. ಅಪ್ಪ ಹೊರಗೆ ನಿಂತಿದ್ದಾನೆ. ಅವನು ಹೋಗುವವರೆಗೆ ಮಗಳು ಒಳಗೆ ಹೋಗುವುದಿಲ್ಲ. ಅವನಿಗೋ ಹೋಗಲು ಕಾಲು ಬಾರದು. ಬರೆದು ತಳ್ಳಿಬಿಟ್ಟೆ —

ದೋಣಿ ಹೋಯಿತೆಂದು ನೀ ನಂಬಲೆಂದು
ದಡದಲ್ಲೇ ನಿಂತು ಹುಟ್ಟು ಬಡಿವೆ ನೀರಿಗೆ.

ಪಟಾಕಿ ನಿಂತಿತು. ಹೊಗೆ. ಆ ಹೊಗೆಯೊಳಗೆ ಬಟ್ಟೆಯ ಮೇಲೆ ನನ್ನ ಅಕ್ಷರ, ಮಸಿ ಇನ್ನೂ ಹಸಿ, ಒಂದು ಕಡೆ ಇಳಿಯುತ್ತಿತ್ತು. ಜನ ಓದುತ್ತಿದ್ದರು. ಒಬ್ಬ ಹೆಂಗಸು ಮಗುವಿನ ತಲೆಯ ಮೇಲೆ ಮುಖ ಇಟ್ಟಳು. ವೆನ್ ತಾತ ಕನ್ನಡಕ ತೆಗೆದರು.

ಅಜ್ಜಿ ಏಳನೆಯ ಸಾಲಿಗೆ ಕಟ್ಟಿಗೆ ಮರಳಿದರು. ಉಳಿದದ್ದೆಲ್ಲ ಹೊಂದಿತು. ಆಟ ಮುಗಿದಾಗ ಸು ಅಕ್ಕ ನನ್ನ ಬೆನ್ನಿಗೆ ಗುದ್ದಿದಳು. "ಎಲ್ಲಾ ಹೊಂದ್ತಲ್ಲೇ!" ಪಟಾಕಿಯ ಗದ್ದಲದಲ್ಲಿ ಅವಳಿಗೂ ಏನೂ ಕೇಳಿಸಿಲ್ಲ.

ನನಗೊಬ್ಬಳಿಗೇ ಗೊತ್ತು. ಸಂತೋಷವಾಗುತ್ತಿದೆ. ತಪ್ಪು ಅಂತಲೂ ಆಗುತ್ತಿದೆ.

ಅದೇ ದಿನ, ಸಂಜೆಗೆ ಮುಂಚೆ

ಆಗಬಾರದ್ದು ಆಯಿತು.

ವೆನ್ ತಾತ ಬಂದರು. ಬುಟ್ಟಿಯಲ್ಲಿ ಬಾತುಕೋಳಿಯ ಉಪ್ಪುಮೊಟ್ಟೆ. ಅಜ್ಜಿಯ ಮುಂದೆ ಇಟ್ಟು, ಎರಡೂ ಕೈ ಜೋಡಿಸಿ ಬಗ್ಗಿದರು. "ನನ್ನ ಮಗಳನ್ನ ದ್ವೀಪದವರಿಗೆ ಕೊಟ್ಟೆ, ಮೂವತ್ತು ವರ್ಷ ಆಯ್ತು. ಅವತ್ತು ದಡದಲ್ಲಿ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ, ಬೈದು ಕಳಿಸ್ದೆ. ನಿನ್ನೆ ನೀವು ಹಾಡಿದ್ರಲ್ಲ..." ಅಂದು ಆ ಸಾಲನ್ನು ಹೇಳಿದರು. ಒಂದಕ್ಷರ ಬಿಡದೆ.

ಅಜ್ಜಿ ಕೇಳಿದರು. "ಹ್ಞೂ" ಅಂದರು. ಬುಟ್ಟಿಯನ್ನು ಕೈಯಲ್ಲಿ ತೆಗೆದುಕೊಂಡರು. ತಾತ ಹೋದ ಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

ನಾನು ಬಟ್ಟಲು ತೊಳೆಯಲು ಓಡಿದೆ. ತೊಳೆದ ಬಟ್ಟಲನ್ನೇ ಮತ್ತೆ ತೊಳೆದೆ.

ಗುರುವಿನ ಬಾಯಿಗೆ ಮಾತು ಹಾಕುವುದು ಅಂದರೆ ನಮ್ಮಲ್ಲಿ ಸಣ್ಣ ತಪ್ಪಲ್ಲ. ಒಬ್ಬರ ಪದವನ್ನು ಇನ್ನೊಬ್ಬರು ತಿದ್ದಿದ್ದಕ್ಕೆ ಮೇಳಗಳು ಒಡೆದಿವೆ. ಅದೂ ಅವರಿಗೆ ಓದಲು ಬರುವುದಿಲ್ಲ. ಅವರ ಪಕ್ಕದಲ್ಲೇ, ಅವರಿಗೆ ಕಾಣದ ಹಾಗೆ, ಅವರ ಹೆಸರಿನಲ್ಲಿ ಬರೆದೆ. ಕುರುಡರ ತಟ್ಟೆಗೆ ಕೈ ಹಾಕಿದ ಹಾಗಾಯಿತು. ಮೂರೇ ಅಂತ ಹೇಳಿ ಒಂದು ಸಲ ನೋಯಿಸಿದ್ದು ಸಾಲದಾಯಿತು.

ಆ ಹಾಳೆ ಒರೆಸಿಬಿಟ್ಟೆ. ಚೆನ್ನಾಗಿ ಒರೆಸಿದೆ. ಆರನೆಯ ಸಾಲಿಗೆ ಅಜ್ಜಿಯ ಹಳೆಯ ಸಾಲನ್ನೇ ಮತ್ತೆ ಇಟ್ಟಿದ್ದೇನೆ.

ಮಧ್ಯಾಹ್ನದ ಆಟ ಮುಗಿಯಿತು. ಅಜ್ಜಿ ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ಒಂದು ಉಪ್ಪುಮೊಟ್ಟೆ ಮಾತ್ರ ನನ್ನ ಚಾಪೆಯ ಮೇಲೆ ಇದೆ. ಯಾರು ಇಟ್ಟರೋ. ತಿನ್ನಲು ಧೈರ್ಯವಿಲ್ಲ.

ಮೂರನೆಯ ತಿಂಗಳು ೫, ಬೆಳಿಗ್ಗೆ

ನಿಧಾನವಾಗಿ ಬರೆಯುತ್ತೇನೆ. ಒಂದೂ ಬಿಡಬಾರದು.

ನಿನ್ನೆ ಸಂಜೆ ಮತ್ತೆ "ಉಪ್ಪಿನ ದೋಣಿ". ಊರಿನವರೇ ಕೇಳಿದ್ದು, ಇನ್ನೊಂದು ಸಲ ಆಡಿ ಅಂತ. ಬಾಗಿಲ ದೃಶ್ಯ. ಅಜ್ಜಿ ಬಂದರು. ಮೊದಲ ಸಾಲು ನದಿ. ನೀಲಿ ದಾರ. ಐದನೆಯ ಸಾಲು, ಹೊಸಿಲು, ನಿರಿಗೆ. ಆರನೆಯ ಹಾಳೆ ತಳ್ಳಿದೆ, ಹಳೆಯದು.

ಅಜ್ಜಿ ನಿಂತರು. ತೋಳು ಸ್ವಲ್ಪ ಎತ್ತಿದರು. ಪಾನ್ ಮಾವನ ಕೋಲು ಗಾಳಿಯಲ್ಲೇ ನಿಂತಿತು. ಅಜ್ಜಿ ಲಿಝೆನ್ ಅಕ್ಕನ ಕಡೆ ನೋಡಲಿಲ್ಲ. ದೀಪದ ಪೆಟ್ಟಿಗೆಯ ಕಡೆ ನೋಡಿದರು. ನನ್ನ ಕಡೆ.

ಹಾಡಿದರು. "ದೋಣಿ ಹೋಯಿತೆಂದು ನೀ ನಂಬಲೆಂದು..."

ನನ್ನ ಸಾಲು. ಅವರ ದನಿಯಲ್ಲಿ. ಬಟ್ಟೆಯ ಮೇಲೆ ಬೇರೆಯೇ ಇದೆ! ಬಾಯಿಗೂ ಬಟ್ಟೆಗೂ ಹೊಂದುತ್ತಿಲ್ಲ. ಸು ಅಕ್ಕ ಎದ್ದು ನಿಂತಳು. ಹಿಂದಿನಿಂದ ಯಾರೋ ಕೂಗಿದರು, "ಏ ದೀಪದ ಹುಡುಗೀ! ನಿನ್ನೇದು ಹಾಕೇ!" ಇನ್ನೊಬ್ಬರು, "ನಿನ್ನೇದು! ಹುಟ್ಟಿಂದು!"

ಒರೆಸಿಬಿಟ್ಟಿದ್ದೆನಲ್ಲ.

ಖಾಲಿ ಹಾಳೆ ತೆಗೆದೆ. ಕುಂಚ ಬಿತ್ತು. ಎತ್ತಿಕೊಂಡೆ. ಅವಸರಕ್ಕೆ ಮೊದಲ ಅಕ್ಷರವೇ ಕಾಲು ಮುರಿದುಕೊಂಡಿತು. ಅಜ್ಜಿ ಸಾಲು ಮುಗಿಸಿದರು. ಮುಂದಕ್ಕೆ ಹೋಗಲಿಲ್ಲ. ಬಗ್ಗಿ, ಹುಟ್ಟನ್ನು ರಂಗದ ಹಲಗೆಗೆ ಮೆಲ್ಲಗೆ ಬಡಿದರು. ಪಾನ್ ಮಾವ ಡೋಲಿನ ಅಂಚಿಗೆ ಬೆರಳು ಆಡಿಸಿದ. ನೀರಿನ ಸದ್ದು ಬಂತು. ನಿಜವಾಗಿ ಬಂತು. ಅಜ್ಜಿ ಸಾಲನ್ನು ಎರಡನೆಯ ಸಲ ಹಾಡಿದರು, ಇನ್ನೂ ನಿಧಾನ. ನಾನು ಬರೆಯುತ್ತಿದ್ದೆ. ಮತ್ತೆ ಹುಟ್ಟು, ಮತ್ತೆ ನೀರು. ಅವಸರವೇ ಇಲ್ಲದವರ ಹಾಗೆ ನಿಂತಿದ್ದರು. ಮಗು ಚಪ್ಪಲಿ ಹಾಕಿಕೊಳ್ಳುವವರೆಗೆ ಬಾಗಿಲಲ್ಲಿ ನಿಲ್ಲುತ್ತಾರಲ್ಲ, ಹಾಗೆ.

ಮೂರನೆಯ ಸಲ ಬಾಯಿ ತೆರೆದಾಗ ಹಾಳೆ ತಳ್ಳಿದೆ.

ಹೊಂದಿತು.

ಒಳಗೆ ಬಂದಾಗ ಸು ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಹಿಂದೆ ವೆನ್ ತಾತ. "ಎರಡು ಸಲ ಬಾಯಿಗೂ ಬಟ್ಟೆಗೂ ಹೊಂದ್ಲಿಲ್ಲ" ಅಂದಳು. "ನಾನು ಏನು ಹೇಳಿದ್ದೆ ಅಂತ ಎಲ್ಲರಿಗೂ ನೆನಪಿದೆ. ಯಾರ ತಪ್ಪು?"

ಅಜ್ಜಿ ಗಡ್ಡ ಬಿಚ್ಚುತ್ತಿದ್ದರು. "ನಾನು ಹಾಡ್ದೆ. ನನ್ನದೇ ಅನ್ನು" ಅಂದರು, ಏನೂ ಆಗದವರ ಹಾಗೆ.

ಗಡ್ಡ ಅವರ ಕೈಯಲ್ಲಿತ್ತು. ಅದನ್ನು ಪೆಟ್ಟಿಗೆಯೊಳಗೆ ಇಟ್ಟುಬಿಡುತ್ತಾರೆ, ಮತ್ತೆ ತೆಗೆಯುವುದಿಲ್ಲ ಅನ್ನಿಸಿತು. ನನ್ನ ಬಾಯಿಂದ ಮಾತು ಬಂತು. ಜೋರಾಗಿಯೇ ಬಂತು.

"ಬಾಯಿಯ ತಪ್ಪಲ್ಲ. ಬಟ್ಟೆಯ ತಪ್ಪು. ಆ ಸಾಲು ನಾನು ಬರೆದದ್ದು. ನಿನ್ನೆ ಪಟಾಕೀಲಿ ಕೇಳಿಸ್ಲಿಲ್ಲ, ನಾನೇ ಬರೆದೆ. ಆಮೇಲೆ ಹೆದರಿ ನಾನೇ ಒರೆಸ್ದೆ. ಅಜ್ಜಿ ಸರಿಯಾಗೇ ಹಾಡಿದ್ರು."

ಎಲ್ಲರೂ ನನ್ನನ್ನು ನೋಡಿದರು. ಲಿಝೆನ್ ಅಕ್ಕ, "ಅಯ್ಯೋ, ಇದಕ್ಕೆ ದನಿ ಇದೆ!" ಅಂದಳು.

ಸು ಅಕ್ಕ ಸ್ಟೂಲಿನ ಮೇಲೆ ಕೂತಳು. ನಗು ತಡೆದುಕೊಳ್ಳುತ್ತಿದ್ದಳೋ, ಅಳುವೋ. "ಐದನೇ ಕ್ಲಾಸು" ಅಂದಳು. "ಭಾವನಿಗೆ ನಾನೀಗ ಏನಂತ ಹೇಳ್ಲಿ."

"ಕಾಲುವೇಲಿ ಕಡಲು ಹಿಡೀಲಿಲ್ಲ ಅಂತ ಹೇಳು" ಅಂದ ಪಾನ್ ಮಾವ.

ವೆನ್ ತಾತ ಕೆಮ್ಮಿದರು. ಮುಂದಿನ ವರ್ಷವೂ ಮೂರು ದಿನ ಬನ್ನಿ, ಇದೇ ಅಪ್ಪ ಇರಬೇಕು, ಬೇರೆಯವರನ್ನು ಹಾಕಿದರೆ ನಾವು ಒಪ್ಪುವುದಿಲ್ಲ ಅಂದರು. ಸು ಅಕ್ಕ ಅಜ್ಜಿಯ ಕೈಯಿಂದ ಗಡ್ಡ ತೆಗೆದುಕೊಂಡಳು. ಬಾಚಣಿಗೆಯಿಂದ ಬಾಚಿದಳು. ನಾಳೆಯ ಆಟದ ಉಡುಪಿನ ಪಕ್ಕದಲ್ಲಿ ತೂಗುಹಾಕಿದಳು.  

ಎಲ್ಲರೂ ಹೋದ ಮೇಲೆ ಅಜ್ಜಿಯ ಮುಂದೆ ತಲೆ ಬಗ್ಗಿಸಿ ನಿಂತೆ.

"ಯಾಕೆ ಒರೆಸ್ದೆ?"

"ನಿಮ್ಮ ಬಾಯಿಗೆ ನನ್ನ ಮಾತು ಹಾಕ್ದೆ, ಅಜ್ಜಿ."

"ನನ್ನ ಬಾಯಲ್ಲಿ ನಂದು ಅಂತ ಏನಿದೆಯೇ? ನಮ್ಮ ಗುರುಗಳದು ಇದೆ, ಅವರ ಗುರುಗಳದು ಇದೆ, ಸತ್ತುಹೋದ ನಮ್ಮಕ್ಕಂದು ಇದೆ. ನಿಂದೊಂದು ಸಾಲು ಜಾಸ್ತಿ ಆದ್ರೆ ಬಾಯಿ ಹರಿದುಹೋಗ್ತದಾ?"

"ನಿನ್ನೆ ಅಲ್ಲಿ ನೀವು ಏನು ಹಾಡಿದ್ರಿ, ಪಟಾಕಿ ಹೊಡೆವಾಗ?"

"ನೆನಪಿಲ್ಲ. ಪಟಾಕಿಗೆ ಬೈದಿರ್ಬೇಕು."

ನಕ್ಕೆವು. ಆಮೇಲೆ ಅವರು ಬೇರೆ ಕಡೆ ನೋಡುತ್ತಾ ಅಂದರು, "ಮೂರಿತ್ತು. ಈಗ ನಾಲ್ಕು." ನನ್ನ ಕಪ್ಪು ಉಗುರುಗಳನ್ನು ಒಂದೊಂದಾಗಿ ಹಿಡಿದು ನೋಡಿದರು, ಒಳ್ಳೆಯ ಗೆಣಸು ಆರಿಸುವವರ ಹಾಗೆ.

ಉಪ್ಪುಮೊಟ್ಟೆ ತಿಂದೆ. ಹಳದಿಯಲ್ಲಿ ಎಣ್ಣೆ ಒಸರುತ್ತಿತ್ತು.

ಮೂರನೆಯ ತಿಂಗಳು ೬, ಟ್ರಾಕ್ಟರಿನ ಮೇಲೆ

ಮುಂದಿನ ಊರಿಗೆ ಹೊರಟಿದ್ದೇವೆ. ಪೆಟ್ಟಿಗೆಗಳ ನಡುವೆ ಅಜ್ಜಿ ಮತ್ತು ನಾನು. ರಸ್ತೆ ಕುಲುಕುತ್ತದೆ, ಅಕ್ಷರ ಸೊಟ್ಟ. ಸಾಸಿವೆ ಹೂವು ಮುಗಿದು ಕಾಯಿ ಕಟ್ಟಿದೆ.

ಅಲ್ಲಿ ಇವತ್ತು ಬೇರೆ ಆಟ. ತಾಯಿ ಮಗನ ಕಥೆ. ಹದಿಮೂರು ವರ್ಷದ ಮೇಲೆ ಮಗ ಬರುತ್ತಾನೆ, ತಾಯಿಗೆ ಗುರುತು ಸಿಕ್ಕುವುದಿಲ್ಲ. ಅಜ್ಜಿಯೇ ತಾಯಿ. ಆ ದೃಶ್ಯಕ್ಕೆ ಅವರ ಹತ್ತಿರ ಎರಡೇ ಬಗೆ ಇವೆಯಂತೆ. ತಾವೇ ಎಣಿಸಿದರಂತೆ, ಬೆಳಗಿನ ಜಾವ ಹಾಸಿಗೆಯಲ್ಲಿ. "ಎರಡು ಸಾಲದು" ಅನ್ನುತ್ತಾರೆ.

ಈಗಷ್ಟೇ ಒಂದು ಸಾಲು ಹೇಳಿದರು, ಗುನುಗಿ. "ದಾರಿಹೋಕನೇ, ನೀರು ಕುಡಿ, ಬಿಸಿಲು ಇಳಿಯಲಿ." ಅಷ್ಟಕ್ಕೇ ನಿಲ್ಲಿಸಿದರು.

"ಮುಂದೆ, ಅಜ್ಜಿ?" ಅಂದೆ.

"ಮುಂದಿಂದು ನಂದಾ?" ಅಂದರು. ಗಲ್ಲ ಎತ್ತಿ ನನ್ನ ನೋಟ್‌ಬುಕ್ಕಿನ ಕಡೆ ತೋರಿಸಿದರು.

ಪಾನ್ ಮಾವ ಮುಂದಿನ ಸೀಟಿನಿಂದ ತಿರುಗಿ ಕೂತಿದ್ದಾನೆ, ಕೈಯಲ್ಲಿ ಕೋಲು. ಲಿಝೆನ್ ಅಕ್ಕ ಬೀಜ ಕಡಿಯುವುದನ್ನು ನಿಲ್ಲಿಸಿದ್ದಾಳೆ. ಎಲ್ಲರೂ ನೋಡುತ್ತಿದ್ದಾರೆ. ಕಿವಿ ಬಿಸಿಯಾಗಿದೆ. ಆದರೂ... ತಾಯಿ ನೀರು ಕೊಡುತ್ತಾಳೆ. ಮಗ ಬಟ್ಟಲು ಹಿಡಿಯುತ್ತಾನೆ. ಚಿಕ್ಕವನಿದ್ದಾಗ ಹ್ಯಾಗೆ ಹಿಡಿಯುತ್ತಿದ್ದನೋ ಹಾಗೆ, ಎರಡೂ ಕೈಯಲ್ಲಿ. ಅವಳು ಆ ಕೈ ನೋಡುತ್ತಾಳೆ. ನೋಡಿ —

ಇರಿ ಅಜ್ಜಿ, ಸಾಲು ಬಂತು, ಬಂತು —